ಆನ್‌ಕಾಲ್ ರಾತ್ರಿಗೆ ಎಷ್ಟು ಕೇಳಬೇಕು? ಹೇಗೆ ಕೇಳಬೇಕು?

ಮಲೆನಾಡು_ಎಂಡಿ (ಪ್ರಶ್ನೆ, ಆಗಸ್ಟ್)

ನಮಸ್ಕಾರ. ನಾನು ಎಂಡಿ ಮೆಡಿಸಿನ್. ಶಿವಮೊಗ್ಗದಲ್ಲಿ 80 ಬೆಡ್‌ನ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕನ್ಸಲ್ಟೆಂಟ್. ಸಂಬಳ ಇಲ್ಲ. ಓಪಿಡಿ ಫೀಸಿನಲ್ಲಿ 70 ಭಾಗ ನನಗೆ, 30 ಆಸ್ಪತ್ರೆಗೆ. ವಾರ್ಡ್ ವಿಸಿಟ್‌ದೂ ಸೇರಿ ತಿಂಗಳಿಗೆ 2.2ರಿಂದ 2.4 ಲಕ್ಷ ಕೈಗೆ ಬರುತ್ತದೆ. ಸಂಜೆ ಮನೆ ಹತ್ತಿರ ಪುಟ್ಟ ಕ್ಲಿನಿಕ್ ಇದೆ, ಅದು ಬೇರೆ.

ಅಲ್ಲಿ ನಾವು ಮೂವರು ಫಿಸಿಶಿಯನ್‌ಗಳು. ಮೂರು ರಾತ್ರಿಗೊಂದು ಆನ್‌ಕಾಲ್. ರಾತ್ರಿ 8ರಿಂದ ಬೆಳಿಗ್ಗೆ 8. ಡ್ಯೂಟಿ ಡಾಕ್ಟರ್ ಫೋನ್ ಮಾಡಿದರೆ ಎತ್ತಬೇಕು. ಬನ್ನಿ ಅಂದರೆ 20 ನಿಮಿಷದಲ್ಲಿ ಕ್ಯಾಶುವಾಲ್ಟಿಯಲ್ಲಿ ಇರಬೇಕು. ಇದಕ್ಕೆ ಅವರು ಕೊಡುವುದು ಕಾಲ್ ಚಾರ್ಜ್ ಮಾತ್ರ. ಎದ್ದು ಹೋಗಿ ನೋಡಿದರೆ 800 ರೂ. ಹೋಗದಿದ್ದರೆ ಏನೂ ಇಲ್ಲ. ಫೋನಿನಲ್ಲೇ ಅರ್ಧ ಗಂಟೆ ಮಾತಾಡಿ ಕೇಸು ಸರಿ ಮಾಡಿದರೂ ಏನೂ ಇಲ್ಲ.

ಜುಲೈನ ಒಂದು ರಾತ್ರಿ ಹೇಳುತ್ತೇನೆ. 1.40ಕ್ಕೆ ಫೋನ್. ಹೊಸನಗರದ ಕಡೆಯವರು, ನೆಲದ ಮೇಲೆ ಮಲಗಿದ್ದಾಗ ಹಾವು ಕಡಿದಿದೆ. ಗಾಯವೇ ಕಾಣುತ್ತಿಲ್ಲ, ರೆಪ್ಪೆ ಮಾತ್ರ ಇಳಿಯುತ್ತಿದೆ. ಕಟ್ಟುಹಾವು ಅಂತ ಫೋನಿನಲ್ಲೇ ಅನ್ನಿಸಿತು. ನಮ್ಮ ಯಜಮಾನರು ಬೆಂಗಳೂರಿನಲ್ಲಿದ್ದಾರೆ. ಮಗಳಿಗೆ 6 ವರ್ಷ. ಅತ್ತೆಯನ್ನು ಎಬ್ಬಿಸಿ, ಬಾಗಿಲು ಹಾಕಿಕೊಳ್ಳಿ ಅಂತ ಹೇಳಿ, ಆ ಮಳೆಯಲ್ಲಿ ಹೊರಟೆ. 10 ವಯಲ್ ಆಂಟಿವೆನಮ್ ಹಾಕಿಸಿದೆ. ಉಸಿರಾಟ ಬೀಳತೊಡಗಿತು, ಟ್ಯೂಬ್ ಹಾಕಿದೆವು. ಐಸಿಯುನಲ್ಲಿ ವೆಂಟಿಲೇಟರ್ ಖಾಲಿ ಇರಲಿಲ್ಲ. ಉಸಿರು ಕೊಡುವ ಬ್ಯಾಗನ್ನು ಕೈಯಲ್ಲಿ ಒತ್ತುತ್ತಲೇ ಸರ್ಕಾರಿ ಆಸ್ಪತ್ರೆಗೆ ಕಳಿಸಿದೆವು. ಹಾವು ಕಡಿತದ ಕೇಸುಗಳನ್ನು 2024ರಿಂದ ನಮ್ಮ ರಾಜ್ಯದಲ್ಲಿ ಸರ್ಕಾರಕ್ಕೆ ವರದಿ ಮಾಡಲೇಬೇಕು, ಆ ಫಾರಂ ಕೂಡ ನಾನೇ ತುಂಬಿದೆ. ಮನೆಗೆ ಬಂದಾಗ 4.30.

ತಿಂಗಳ ಕೊನೆಯ ಸ್ಟೇಟ್‌ಮೆಂಟ್‌ನಲ್ಲಿ ಆ ರಾತ್ರಿಯೇ ಇಲ್ಲ. ಬಿಲ್ಲಿಂಗ್‌ನಲ್ಲಿ ಕೇಳಿದರೆ, 'ಮೇಡಂ, ಪೇಷಂಟ್ ಅಡ್ಮಿಟ್ ಆಗಿಲ್ಲ. ಕಾಲ್ ಚಾರ್ಜ್ ಬರೋದು ಐಪಿ ಬಿಲ್‌ನಲ್ಲಿ (ಅಡ್ಮಿಟ್ ಆದವರ ಬಿಲ್) ಮಾತ್ರ' ಅಂದರು.

ಅವತ್ತು ಕೂತು ಹಳೆಯ ಕಾಲ್ ಲಿಸ್ಟ್, ವಾಟ್ಸಾಪ್ ಎಲ್ಲ ತೆಗೆದು ಒಂದು ನೋಟ್‌ಬುಕ್‌ನಲ್ಲಿ ಬರೆದೆ. ಜೂನ್, ಜುಲೈ ಸೇರಿ ನನ್ನ ಪಾಲಿಗೆ 20 ರಾತ್ರಿ. ಬಂದ ಫೋನ್ 74. ಎದ್ದು ಹೋದದ್ದು 17 ಸಲ. ಅದರಲ್ಲಿ 4 ಕೇಸು ಬೇರೆ ಕಡೆ ಕಳಿಸಿದ್ದು, ದುಡ್ಡಿಲ್ಲ. 3 ಆಯುಷ್ಮಾನ್ ಕಾರ್ಡ್‌ನವು, ಪ್ಯಾಕೇಜಿನಲ್ಲೇ ಎಲ್ಲ ಸೇರಿದೆ ಅಂತ ದುಡ್ಡಿಲ್ಲ. ಉಳಿದದ್ದು 10. ಹತ್ತು ಎಂಟಲೆ 8,000. ಟಿಡಿಎಸ್ ಕಳೆದು 7,200. ಅಂದರೆ ರಾತ್ರಿಗೆ 360 ರೂ.

ಆಡಳಿತದವರ ಹತ್ತಿರ ಹೋದೆ. 'ಡಾಕ್ಟ್ರೇ, ಕರೆಯದ ದಿನ ನೀವು ಮನೇಲಿ ಮಲಗಿರ್ತೀರಲ್ವಾ?' ಅಂದರು. ಮಲಗಿರುತ್ತೇನೆ, ನಿಜ. ಆದರೆ ಆ ರಾತ್ರಿ ಸಾಗರಕ್ಕೆ ಅಮ್ಮನ ಮನೆಗೆ ಹೋಗುವ ಹಾಗಿಲ್ಲ. ತೀರ್ಥಹಳ್ಳಿಯಲ್ಲಿ ತಂಗಿಯ ಮಗನ ನಾಮಕರಣಕ್ಕೂ ಹೋಗಲಾಗಲಿಲ್ಲ. ಸ್ನಾನಕ್ಕೆ ಹೋದರೂ ಫೋನು ಸೋಪ್ ಡಬ್ಬಿಯ ಪಕ್ಕದಲ್ಲೇ ಇರಬೇಕು.

ಸೆಪ್ಟೆಂಬರ್ ಕೊನೆಗೆ ನನ್ನ ಅಗ್ರಿಮೆಂಟ್ ಮುಗಿಯುತ್ತದೆ. ಹೊಸದರಲ್ಲಿ '2.5 ಲಕ್ಷ ಎಂಜಿ (ಮಿನಿಮಮ್ ಗ್ಯಾರಂಟಿ), ಆನ್‌ಕಾಲ್ ಎಲ್ಲ ಸೇರಿ' ಅಂತ ಕೊಡುತ್ತೇವೆ ಅನ್ನುತ್ತಿದ್ದಾರೆ. ಕೇಳಲು ಚೆನ್ನಾಗಿದೆ. ಒಪ್ಪಿಕೊಳ್ಳಲಾ? ಸುಮ್ಮನೆ ಕಾಯುವುದಕ್ಕೂ ದುಡ್ಡು ಕೇಳುವುದು ತಪ್ಪಾ? ನಿಮ್ಮ ಕಡೆ ಹೇಗೆ ಕೊಡುತ್ತಾರೆ?

ಮೂಳೆ_ಡಾಕ್ಟ್ರು, ದಾವಣಗೆರೆ

ಮೇಡಂ, ಆ ಎಂಜಿಗೆ ಸಹಿ ಹಾಕುವ ಮೊದಲು ಇದನ್ನೊಂದು ಓದಿ. ನಾನು ಎರಡು ಸಲ ಹಾಕಿ ಬುದ್ಧಿ ಕಲಿತವನು.

ಮಿನಿಮಮ್ ಗ್ಯಾರಂಟಿ ಅಂದರೆ ಸಂಬಳ ಅಲ್ಲ. ನಿಮ್ಮ ಪಾಲು 2.5 ಲಕ್ಷಕ್ಕಿಂತ ಕಡಿಮೆ ಬಂದರೆ ಅಷ್ಟಕ್ಕೆ ತುಂಬಿಸಿ ಕೊಡುತ್ತಾರೆ. ಜಾಸ್ತಿ ಬಂದರೆ ನಿಮ್ಮ ಪಾಲು ನಿಮಗೆ. ಈಗ ಲೆಕ್ಕ ಮಾಡಿ. ನಿಮ್ಮ ದುಡಿಮೆ 2.3 ಲಕ್ಷ ಅಂತಿಟ್ಟುಕೊಳ್ಳಿ. ಆನ್‌ಕಾಲ್‌ದು ಇನ್ನೊಂದು 15,000 ಸೇರಿದರೂ 2.45. ಎಂಜಿ ಮುಟ್ಟಲಿಲ್ಲ. ಅವರು ತುಂಬಿಸಿ 2.5 ಕೊಡುತ್ತಾರೆ. ಆ ತಿಂಗಳು ನೀವು ಒಂದು ರಾತ್ರಿಯೂ ಏಳದಿದ್ದರೂ ಅದೇ 2.5 ಸಿಗುತ್ತಿತ್ತು. ಅಂದರೆ ಹತ್ತು ರಾತ್ರಿಯ ನಿದ್ದೆಗೆ ಬೆಲೆ ಸೊನ್ನೆ. 'ಎಲ್ಲ ಸೇರಿ' ಅನ್ನುವ ಎರಡು ಪದ ಮಾಡುವ ಕೆಲಸ ಇದು.

ಇನ್ನೊಂದು. ಎಂಜಿ ಸಾಮಾನ್ಯವಾಗಿ ಒಂದು ವರ್ಷಕ್ಕೆ. ಆಮೇಲೆ ತೆಗೆಯುತ್ತಾರೆ. ಆದರೆ ಆನ್‌ಕಾಲ್ ರೋಸ್ಟರ್ ಹಾಗೇ ಉಳಿಯುತ್ತದೆ, ಯಾಕೆಂದರೆ ಅಷ್ಟರಲ್ಲಿ ಅದು ಅಭ್ಯಾಸವಾಗಿರುತ್ತದೆ.

ಎಂಜಿ ತಗೊಳ್ಳಿ, ಬಿಡಿ, ಅದು ನಿಮ್ಮಿಷ್ಟ. ಆದರೆ ಆನ್‌ಕಾಲ್ ದುಡ್ಡು ಎಂಜಿಯ ಹೊರಗಿರಲಿ. ಅದು ಕಾಗದದಲ್ಲಿರಲಿ. ಬಾಯಿಮಾತಿನಲ್ಲಿ 'ನೋಡೋಣ ಡಾಕ್ಟ್ರೇ' ಅಂದವರು ಇನ್ನೂ ನೋಡುತ್ತಲೇ ಇದ್ದಾರೆ.

ನಮ್ಮ ಮೂಳೆಯವರ ಕಥೆ ಸ್ವಲ್ಪ ಬೇರೆ. ರಾತ್ರಿ ಬಂದ ಅಪಘಾತದ ಕೇಸು ಬೆಳಿಗ್ಗೆ ಆಪರೇಷನ್ ಆಗುತ್ತದೆ, ಅಲ್ಲಿ ದುಡ್ಡು ಬರುತ್ತದೆ. ಹಾಗಾಗಿ ನಾವು ಆನ್‌ಕಾಲ್‌ಗೆ ಅಂತ ಅಷ್ಟು ಜಗಳ ಆಡುವುದಿಲ್ಲ. ಫಿಸಿಶಿಯನ್‌ಗಳಿಗೆ ಹಾಗಲ್ಲ. ರಾತ್ರಿಯಿಡೀ ವಿಷ ಕುಡಿದವರ ಪಕ್ಕ ಕೂತರೂ ಬಿಲ್‌ನಲ್ಲಿ ಕಾಣುವುದು ಒಂದು ವಿಸಿಟ್.

ಒಹಾಯೋ_ಕನ್ನಡಿಗ

ನಾನು ಮೈಸೂರಿನವನು, ಇಲ್ಲಿ ಅಮೆರಿಕದ ಒಂದು ಸಾಧಾರಣ ಊರಿನ ಆಸ್ಪತ್ರೆಯಲ್ಲಿ ಹೃದಯದ ಡಾಕ್ಟರ್. 'ಕಾಯುವುದಕ್ಕೆ ದುಡ್ಡು ಕೇಳುವುದು ತಪ್ಪಾ' ಅಂದಿರಲ್ಲ, ಇಲ್ಲೂ ಒಂದು ಕಾಲದಲ್ಲಿ ಅದು ತಪ್ಪು ಅಂತಲೇ ಇತ್ತಂತೆ. ಹಿರಿಯರು ಹೇಳುತ್ತಾರೆ. ಆಸ್ಪತ್ರೆಯಲ್ಲಿ ನಿಮ್ಮ ರೋಗಿಗಳನ್ನು ಅಡ್ಮಿಟ್ ಮಾಡುವ ಹಕ್ಕು ಬೇಕಾ? ಹಾಗಾದರೆ ತಿಂಗಳಿಗೆ ಇಷ್ಟು ರಾತ್ರಿ ಪುಕ್ಕಟೆ ಆನ್‌ಕಾಲ್ ಮಾಡಿ. ಅದೇ ಲೆಕ್ಕಾಚಾರ.

1986ರಲ್ಲಿ ಎಮ್ಟಾಲಾ ಅನ್ನುವ ಕಾನೂನು ಬಂತು. ಎಮರ್ಜೆನ್ಸಿಗೆ ಯಾರೇ ಬರಲಿ, ದುಡ್ಡು, ಇನ್ಶೂರೆನ್ಸ್ ಕೇಳದೆ ಪರೀಕ್ಷಿಸಿ ಸ್ಥಿತಿ ಸುಧಾರಿಸಬೇಕು. ಆನ್‌ಕಾಲ್ ಡಾಕ್ಟರ್‌ಗಳ ಪಟ್ಟಿಯನ್ನು ಆಸ್ಪತ್ರೆ ಇಟ್ಟಿರಲೇಬೇಕು. ಪಟ್ಟಿಯಲ್ಲಿ ಹೆಸರಿದ್ದು ಕರೆದರೂ ಬರದಿದ್ದರೆ ದಂಡ ಡಾಕ್ಟರ್‌ಗೂ ಬೀಳುತ್ತದೆ. ಅವರು ಬರಲಿಲ್ಲ ಅಂತ ರೋಗಿಯನ್ನು ಬೇರೆ ಆಸ್ಪತ್ರೆಗೆ ಕಳಿಸಿದರೆ, ಜತೆಗೆ ಹೋಗುವ ಕಾಗದದಲ್ಲಿ ಆ ಡಾಕ್ಟರ್ ಹೆಸರು, ವಿಳಾಸ ಬರೆದು ಕಳಿಸಬೇಕು!

ಅಷ್ಟರಲ್ಲಿ ಬಹಳ ಸ್ಪೆಷಲಿಸ್ಟ್‌ಗಳು ತಮ್ಮದೇ ಸರ್ಜರಿ ಸೆಂಟರ್ ಕಡೆ ಹೊರಟಿದ್ದರು. ಅವರಿಗೆ ಆಸ್ಪತ್ರೆ ಅಷ್ಟಾಗಿ ಬೇಕಿರಲಿಲ್ಲ, ಆಸ್ಪತ್ರೆಗೆ ಅವರು ಬೇಕಿದ್ದರು. ಆಗ ದಿನಕ್ಕಿಷ್ಟು ಅಂತ ಆನ್‌ಕಾಲ್ ದುಡ್ಡು ಕೊಡುವುದು ಹಬ್ಬಿತು. ಫೋನ್ ಬರಲಿ ಬಿಡಲಿ, ಆ 24 ಗಂಟೆಗೆ ಇಷ್ಟು. ಮನೆಯಲ್ಲಿದ್ದು ಕಾಯುವುದಕ್ಕೆ ಒಂದು ರೇಟು, ಆಸ್ಪತ್ರೆಯಲ್ಲೇ ಮಲಗಿದ್ದರೆ ಅದಕ್ಕಿಂತ ತುಂಬಾ ಜಾಸ್ತಿ. ಬಂದು ಮಾಡಿದ ಕೆಲಸಕ್ಕೆ ಫೀಸು ಬೇರೆ, ಅದನ್ನು ಡಾಕ್ಟರೇ ಇನ್ಶೂರೆನ್ಸ್‌ಗೆ ಬಿಲ್ ಹಾಕುತ್ತಾರೆ. ಸಂಬಳಕ್ಕಿರುವವರಲ್ಲಿ ಕೆಲವರಿಗೆ ತಿಂಗಳಿಗೆ ಇಷ್ಟು ರಾತ್ರಿ ಸಂಬಳದಲ್ಲೇ ಸೇರಿರುತ್ತದೆ, ಅದರ ಮೇಲಿನದಕ್ಕೆ ಮಾತ್ರ ಎಕ್ಸ್‌ಟ್ರಾ.

ಆದರೆ ಇಷ್ಟ ಬಂದಷ್ಟು ಕೊಡುವ ಹಾಗಿಲ್ಲ. 'ಆನ್‌ಕಾಲ್' ಅಂತ ಹೆಸರಿಟ್ಟು ದುಡ್ಡು ಕೊಟ್ಟು ಪೇಷಂಟ್‌ಗಳನ್ನು ತರಿಸಿಕೊಳ್ಳುತ್ತಿದ್ದೀರಾ ಅಂತ ಸರ್ಕಾರ ನೋಡುತ್ತದೆ. ಕಿಕ್‌ಬ್ಯಾಕ್ ಕಾನೂನಿನಲ್ಲಿ ಅದು ಕ್ರಿಮಿನಲ್ ಅಪರಾಧ. ಅದಕ್ಕೇ ರೇಟು ಮಾರುಕಟ್ಟೆಗೆ ತಕ್ಕಂತಿದೆ ಅಂತ ಹೊರಗಿನವರಿಂದ ಮೌಲ್ಯಮಾಪನ ಮಾಡಿಸುತ್ತಾರೆ. 2007ರಲ್ಲಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ ಒಂದು ಆಸ್ಪತ್ರೆಯ ಪದ್ಧತಿ ನೋಡಿ ಅಭಿಪ್ರಾಯ ಕೊಟ್ಟಿತು. ಅಲ್ಲಿ ವಿಭಾಗಕ್ಕೊಂದು ರೇಟು, ವಾರದ ದಿನಕ್ಕೂ ವಾರಾಂತ್ಯಕ್ಕೂ ವ್ಯತ್ಯಾಸ, ಕೈಯಲ್ಲಿ ಕಾಸಿಲ್ಲದ ರೋಗಿಯನ್ನೂ ಡಿಸ್ಚಾರ್ಜ್‌ವರೆಗೆ ನೋಡಿಕೊಳ್ಳುವ ಹೊಣೆ ಇತ್ತು. ಅದರ ಮೇಲೆ ಕ್ರಮ ಇಲ್ಲ ಅಂದರು. ಅದೇ ಕಾಗದದಲ್ಲಿ ಯಾವ ಥರದ್ದು ಅನುಮಾನಕ್ಕೆ ದಾರಿ ಅಂತಲೂ ಬರೆದರು. ಇದನ್ನು ನೀವು ಓದಲೇಬೇಕು: ನಿಜವಾಗಿ ಏನೂ ಕಳೆದುಕೊಳ್ಳದೆ 'ನನಗೆ ಅವಕಾಶ ತಪ್ಪಿತು' ಅಂತ ಪಡೆಯುವ ದುಡ್ಡು, ಮತ್ತು ಒಂದೇ ಕೆಲಸಕ್ಕೆ ಎರಡು ಕಡೆಯಿಂದ ಪಡೆಯುವ ದುಡ್ಡು.

ಹಾಗಾಗಿ ನಾಮಕರಣ ತಪ್ಪಿದ್ದನ್ನು ಆಡಳಿತದವರ ಮುಂದೆ ಹೇಳಬೇಡಿ (ಬೇಜಾರು ಮಾಡಿಕೊಳ್ಳಬೇಡಿ). ಎಷ್ಟು ಸಲ ಕರೆದರು, ಎಷ್ಟು ಬೇಗ ಬರಬೇಕು, ಎಷ್ಟು ಜನ ಹಂಚಿಕೊಂಡಿದ್ದೀರಿ, ಅದರಲ್ಲಿ ಎಷ್ಟಕ್ಕೆ ದುಡ್ಡು ಹುಟ್ಟಲಿಲ್ಲ. ಇಲ್ಲಿ ರೇಟು ಕಟ್ಟುವುದು ಈ ನಾಲ್ಕರ ಮೇಲೆ. ನಾಲ್ಕೂ ನಿಮ್ಮ ನೋಟ್‌ಬುಕ್‌ನಲ್ಲಿ ಆಗಲೇ ಇವೆ.

ಲೀಡ್ಸ್_ಭಟ್ರು

ಇಂಗ್ಲೆಂಡಿನದು ಚುಟುಕಾಗಿ ಹೇಳುತ್ತೇನೆ. ಎನ್‌ಎಚ್‌ಎಸ್ (ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಕನ್ಸಲ್ಟೆಂಟ್‌ಗೆ 2003ರ ಕಾಂಟ್ರ್ಯಾಕ್ಟ್ ಪ್ರಕಾರ ಆನ್‌ಕಾಲ್‌ಗೆ ಮೂಲ ಸಂಬಳದ ಶೇ. 1ರಿಂದ 8. ಎಷ್ಟು ಜನ ರೋಟಾದಲ್ಲಿ (ಪಾಳಿ ಪಟ್ಟಿಯಲ್ಲಿ) ಇದ್ದಾರೆ, ಕರೆದರೆ ತಕ್ಷಣ ಹೋಗಬೇಕಾ ಅಥವಾ ಆಮೇಲೆ ಹೋದರೂ ಆದೀತಾ, ಇವೆರಡರ ಮೇಲೆ ನಿರ್ಧಾರ. ನಿಮ್ಮ ಹಾಗೆ ಮೂರಕ್ಕೊಂದು ರಾತ್ರಿ, ತಕ್ಷಣ ಬರಬೇಕು ಅಂದರೆ ಪೂರ್ತಿ 8. ಎದ್ದು ಹೋಗಿ ಮಾಡಿದ ಕೆಲಸ ವಾರದ ಕೆಲಸದ ಗಂಟೆಗಳ ಲೆಕ್ಕಕ್ಕೆ ಸೇರುತ್ತದೆ.

ಕೇಳಿ ಹೊಟ್ಟೆ ಉರಿಸಿಕೊಳ್ಳಬೇಡಿ. ಮೂಲ ಸಂಬಳ ವರ್ಷಕ್ಕೆ 1 ಲಕ್ಷ ಪೌಂಡ್ ಅಂತಿಟ್ಟುಕೊಂಡರೆ ಶೇ. 8 ಅಂದರೆ 8,000. ಮೂರಕ್ಕೊಂದು ಅಂದರೆ ವರ್ಷಕ್ಕೆ 121 ರಾತ್ರಿ ಚಿಲ್ಲರೆ. ರಾತ್ರಿಗೆ 66 ಪೌಂಡ್, ಅದೂ ತೆರಿಗೆಗೆ ಮುಂಚೆ. ಕಳೆದ ಚಳಿಗಾಲದಲ್ಲಿ ನಮ್ಮ ಮನೆಯ ಬಾಯ್ಲರ್ ಕೆಟ್ಟಾಗ ರಾತ್ರಿ ಬಂದ ಮೆಕ್ಯಾನಿಕ್ ಬಾಗಿಲು ತಟ್ಟಿದ್ದಕ್ಕೇ ಇದಕ್ಕಿಂತ ಜಾಸ್ತಿ ತೆಗೆದುಕೊಂಡ.

ನರ್ಸಿಂಗ್‌ಹೋಂ_ಸಾಹುಕಾರ

ಹೆಸರು ತಮಾಷೆಗೆ ಇಟ್ಟುಕೊಂಡದ್ದು, ಸಾಲ ನೋಡಿದರೆ ಯಾರೂ ಸಾಹುಕಾರ ಅನ್ನುವುದಿಲ್ಲ. ನಾನೂ ಡಾಕ್ಟರೇ, 50 ಬೆಡ್ ನಡೆಸುತ್ತೇನೆ. ಇನ್ನೊಂದು ಕಡೆಯದನ್ನೂ ಸ್ವಲ್ಪ ಕೇಳಿ.

ಫಿಸಿಶಿಯನ್, ಅನಸ್ತೇಶಿಯಾ, ಹೆರಿಗೆ, ಮಕ್ಕಳು, ಸರ್ಜರಿ. ಐದು ವಿಭಾಗಕ್ಕೆ ರಾತ್ರಿಗೆ ಬರೀ 2,000 ಕೊಟ್ಟರೂ ದಿನಕ್ಕೆ 10,000, ತಿಂಗಳಿಗೆ 3 ಲಕ್ಷ. ಕ್ಯಾಶುವಾಲ್ಟಿಗೆ ಒಬ್ಬ ರೋಗಿಯೂ ಬರುವ ಮೊದಲೇ ಇಷ್ಟು ಖರ್ಚು. ಡ್ಯೂಟಿ ಡಾಕ್ಟರ್, ನರ್ಸು, ಜನರೇಟರ್ ಡೀಸೆಲ್ ಬೇರೆ. ಆಯುಷ್ಮಾನ್ ಪ್ಯಾಕೇಜಿನಲ್ಲಿ ಆನ್‌ಕಾಲ್ ಅಂತ ಬೇರೆ ಸಾಲೇ ಇಲ್ಲ. ಯಾರ ಬಿಲ್ಲಿಗೆ ಹಾಕಲಿ?

ಪರಮಾನಂದ ಕಟಾರ ಪ್ರಕರಣದಲ್ಲಿ 1989ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ, ಸರ್ಕಾರಿ ಇರಲಿ ಖಾಸಗಿ ಇರಲಿ, ಜೀವ ಉಳಿಸುವ ಹೊಣೆ ಪ್ರತಿ ಡಾಕ್ಟರದು ಅಂತ. ಖಾಸಗಿ ಆಸ್ಪತ್ರೆಗಳಿಗಿರುವ ನಮ್ಮ ರಾಜ್ಯದ ಕೆಪಿಎಂಇ ಕಾಯ್ದೆಯಲ್ಲೂ ಎಮರ್ಜೆನ್ಸಿಗೆ ಅಡ್ವಾನ್ಸ್ ಕೇಳುವಂತಿಲ್ಲ. ಸರಿಯೇ. ನಾನು ಒಪ್ಪುತ್ತೇನೆ. ಆದರೆ ಅಮೆರಿಕದ ಕಾನೂನಿನ ಹಾಗೆ ಇದೂ ಕರ್ತವ್ಯ ಹೇಳುತ್ತದೆ, ಡಾಕ್ಟರು ರಾತ್ರಿ ಕಾಯುವ ಖರ್ಚು ಯಾರದು ಅಂತ ಹೇಳುವುದಿಲ್ಲ. ಕೊನೆಗೆ ಅದು ಎಲ್ಲೋ ಒಂದು ಕಡೆ ಕೂರಬೇಕಲ್ವಾ? ಇಷ್ಟು ದಿನ ಅದು ಡಾಕ್ಟರ ನಿದ್ದೆಯ ಮೇಲೆ ಕೂತಿತ್ತು. ಅದನ್ನೂ ಒಪ್ಪುತ್ತೇನೆ.

ನಾನು ಮಾಡಿದ್ದು: ಎಲ್ಲ ವಿಭಾಗಕ್ಕೂ ಒಂದೇ ರೇಟು ಬೇಡ. ಚರ್ಮದ ಡಾಕ್ಟರನ್ನು ರಾತ್ರಿ ವರ್ಷಕ್ಕೆ ಎರಡು ಸಲ ಕರೆಯುತ್ತೇವೇನೋ. ಅವರಿಗೆ ಕಾಲ್ ಚಾರ್ಜ್ ಸಾಕು. ಫಿಸಿಶಿಯನ್ನೂ ಅನಸ್ತೇಶಿಯಾದವರೂ ಇಲ್ಲದೆ ಆಸ್ಪತ್ರೆ ರಾತ್ರಿ ತೆರೆದಿದೆ ಅಂತ ಬೋರ್ಡ್ ಹಾಕುವುದೇ ಸುಳ್ಳು. ಅವರಿಬ್ಬರಿಗೆ ಸ್ಟ್ಯಾಂಡ್‌ಬೈ ಅಂತ, ಅಂದರೆ ಕಾಯುವುದಕ್ಕೇ, ರಾತ್ರಿಗಿಷ್ಟು ಕೊಡುತ್ತೇನೆ. ಮೇಡಂ, 'ಎಲ್ಲರಿಗೂ ಕೊಡಿ' ಅನ್ನಬೇಡಿ. 'ನನ್ನ ವಿಭಾಗಕ್ಕೆ ಕೊಡಿ, ಯಾಕೆಂದರೆ 20 ರಾತ್ರಿಯಲ್ಲಿ 74 ಫೋನು' ಅನ್ನಿ. ನನ್ನಂಥವನ ತಲೆಗೆ ಹೋಗುವುದು ಅದು.

ಇನ್ನು ಆ ಹಾವಿನ ಕೇಸಿಗೆ ಕಾಲ್ ಚಾರ್ಜ್ ಕೊಡದಿದ್ದದ್ದು ಮಾತ್ರ ತಪ್ಪು. ಆಸ್ಪತ್ರೆ ಅಲ್ಲಿ ಆಂಟಿವೆನಮ್ ಬಿಲ್ ಮಾಡಿರುತ್ತದೆ, ಆಂಬುಲೆನ್ಸ್ ಬಿಲ್ ಮಾಡಿರುತ್ತದೆ. ನಿಮ್ಮದೊಂದಕ್ಕೆ ಮಾತ್ರ ಕಂಪ್ಯೂಟರಿನಲ್ಲಿ ಜಾಗ ಇಲ್ಲವಾ?

ಆಡಿಟರ್_ಅಣ್ಣ

ಡಾಕ್ಟರ್ ಅಲ್ಲ, ಆದರೆ ಹತ್ತಾರು ಡಾಕ್ಟರುಗಳ ಲೆಕ್ಕ ನೋಡುವವನು. ಮೊದಲು ಒಂದು ತಿದ್ದುಪಡಿ. ಟಿಡಿಎಸ್ ಕಳೆದು 360 ಅನ್ನಬೇಡಿ. ಆ ಶೇ. 10 ನಿಮ್ಮದೇ ತೆರಿಗೆ, ರಿಟರ್ನ್ಸ್‌ನಲ್ಲಿ ಲೆಕ್ಕಕ್ಕೆ ಬರುತ್ತದೆ. ರಾತ್ರಿಗೆ 400. ಆಡಳಿತದವರ ಮುಂದೆ 360 ಅಂದರೆ ಆ ಒಂದು ತಪ್ಪನ್ನೇ ಹಿಡಿದುಕೊಂಡು ಉಳಿದದ್ದನ್ನೆಲ್ಲ ತಳ್ಳಿಹಾಕುತ್ತಾರೆ.

ಎರಡನೆಯದು, ತಿಂಗಳಿಗೆ ಇಷ್ಟು ಅಂತ ಫಿಕ್ಸ್ ದುಡ್ಡು ಬಂದರೆ ಅದು ಸಂಬಳ ಆಗಿಬಿಡುತ್ತಾ ಅಂತ ಬಹಳ ಡಾಕ್ಟರುಗಳು ಕೇಳುತ್ತಾರೆ. ಬರೀ ಅಷ್ಟರಿಂದ ಆಗುವುದಿಲ್ಲ. ರಜೆ, ಪಿಎಫ್, ಹಾಜರಿ, ಹೊರಗೆ ಪ್ರಾಕ್ಟೀಸ್ ಮಾಡಬಾರದು ಎಂಬ ನಿಯಮ, ಇಂಥವನ್ನೆಲ್ಲ ಒಟ್ಟಿಗೆ ನೋಡುತ್ತಾರೆ. ಮಣಿಪಾಲ್ ಹೆಲ್ತ್ ಸಿಸ್ಟಮ್ಸ್ ಪ್ರಕರಣದಲ್ಲಿ 2015ರಲ್ಲಿ ನಮ್ಮ ಹೈಕೋರ್ಟ್ ಕನ್ಸಲ್ಟೆಂಟ್ ಡಾಕ್ಟರುಗಳು ನೌಕರರಲ್ಲ, ಆದಾಯ ತೆರಿಗೆ ಕಾಯ್ದೆಯ 194ಜೆ (ಸಂಬಳ ಅಲ್ಲ, ವೃತ್ತಿಯ ಫೀಸು) ಪ್ರಕಾರ ಟಿಡಿಎಸ್ ಸರಿ ಅಂದಿತು. ನಿಮಗೆ ಸ್ವಂತ ಕ್ಲಿನಿಕ್ ಇದೆ, ಚಿಂತೆ ಕಡಿಮೆ. ಅಗ್ರಿಮೆಂಟ್‌ನಲ್ಲಿ ಆ ಕ್ಲಿನಿಕ್ ನಿಲ್ಲಿಸಿ ಅನ್ನುವ ಸಾಲು ಮೆಲ್ಲಗೆ ನುಸುಳಿದೆಯಾ ನೋಡಿ. ಜಿಎಸ್‌ಟಿ ಹೆದರಿಕೆಯೂ ಬೇಡ. ಆಸ್ಪತ್ರೆ ಕರೆಸಿಕೊಳ್ಳುವ ಕನ್ಸಲ್ಟೆಂಟ್‌ಗಳ ಸೇವೆ ಆರೋಗ್ಯ ಸೇವೆಯೇ, ವಿನಾಯಿತಿ ಇದೆ ಅಂತ 2018ರ ಫೆಬ್ರವರಿಯ ಸರ್ಕ್ಯುಲರ್‌ನಲ್ಲಿ ಸ್ಪಷ್ಟವಾಗಿದೆ.

ಮಲೆನಾಡು_ಎಂಡಿ

ಎಲ್ಲರಿಗೂ ಥ್ಯಾಂಕ್ಸ್. ಆಡಿಟರ್ ಅಣ್ಣ, 400 ಅಂತ ತಿದ್ದಿಕೊಂಡೆ. ನೋಡಲು ಇನ್ನೂ ಕೆಟ್ಟದಾಗಿಯೇ ಇದೆ.

ಮೂಳೆ ಡಾಕ್ಟ್ರ ಎಂಜಿ ಲೆಕ್ಕವನ್ನು ನನ್ನ ಆರು ತಿಂಗಳ ಸ್ಟೇಟ್‌ಮೆಂಟ್ ಇಟ್ಟುಕೊಂಡು ಮಾಡಿ ನೋಡಿದೆ. ಆರಕ್ಕೆ ಆರು ತಿಂಗಳೂ ನನ್ನ ದುಡಿಮೆ 2.5ರ ಕೆಳಗೇ. ಅಂದರೆ ವರ್ಷಪೂರ್ತಿ ರಾತ್ರಿಗಳು ಪುಕ್ಕಟೆ ಹೋಗುತ್ತಿದ್ದವು. ಸಾಹುಕಾರ್ ಸರ್, ನಿಮ್ಮ ಮಾತು ಕೇಳಿ ಮೊದಲು ಸಿಟ್ಟು ಬಂತು. ಆಮೇಲೆ ಅದೇ ಮಾತನ್ನು ಇಟ್ಟುಕೊಂಡು ಹೋಗುತ್ತಿದ್ದೇನೆ. ಉಳಿದಿಬ್ಬರು ಫಿಸಿಶಿಯನ್‌ಗಳನ್ನೂ ಕೂರಿಸಿ ಮಾತಾಡಿದೆ. ಒಬ್ಬರು ಬರುತ್ತಾರೆ. ಇನ್ನೊಬ್ಬರು 'ಡಾಕ್ಟರಾಗಿ ದುಡ್ಡಿನ ವಿಷಯ ಎಷ್ಟು ಅಂತ ಮಾತಾಡೋದು' ಅಂದರು. ಅವರು ನಮ್ಮಿಬ್ಬರಿಗಿಂತ 20 ವರ್ಷ ದೊಡ್ಡವರು, ಅವರ ಮಗನೇ ಈಗ ರಾತ್ರಿ ಕಾರು ಓಡಿಸಿಕೊಂಡು ಅವರನ್ನು ಬಿಡಲು ಬರುತ್ತಾನೆ. ಏನು ಹೇಳಲಿ?

ಮೂಳೆ_ಡಾಕ್ಟ್ರು, ದಾವಣಗೆರೆ

ಏನೂ ಹೇಳಬೇಡಿ. ದುಡ್ಡು ಬಂದ ತಿಂಗಳು ಅವರೂ ತಗೊಳ್ಳುತ್ತಾರೆ.

ಮಲೆನಾಡು_ಎಂಡಿ (ನವೆಂಬರ್)

ಏನಾಯಿತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದ್ದರು, ಅದಕ್ಕೇ ಬರೆಯುತ್ತಿದ್ದೇನೆ.

ಮೂರು ಮೀಟಿಂಗ್ ಆಯಿತು. ಎಂಜಿ ಬೇಡ ಅಂದೆ, ಹಳೆಯ 70:30 ಹಾಗೇ ಉಳಿಯಿತು. ನಾನು ಸ್ಟ್ಯಾಂಡ್‌ಬೈ ರಾತ್ರಿಗೆ 2,500 ಕೇಳಿದ್ದೆ, 1,500ಕ್ಕೆ ನಿಂತಿತು. ಕಾಲ್ ಚಾರ್ಜ್ 1,000 ಆಯಿತು. ಅಡ್ಮಿಟ್ ಆಗಲಿ, ಬೇರೆ ಕಡೆ ಕಳಿಸಲಿ, ಕ್ಯಾಶುವಾಲ್ಟಿ ರಿಜಿಸ್ಟರ್‌ನಲ್ಲಿ ನನ್ನ ಸಹಿ ಮತ್ತು ಟೈಮ್ ಇದ್ದರೆ ಕೊಡಬೇಕು. ಈ ಸಾಲನ್ನು ನಾನೇ ಬರೆದು ಕೊಟ್ಟೆ. ಆಯುಷ್ಮಾನ್ ಕೇಸಿಗೆ ಕಾಲ್ ಚಾರ್ಜ್ ಇಲ್ಲ, ಅಲ್ಲಿ ನಾನು ಬಿಟ್ಟುಕೊಟ್ಟೆ. ಸ್ಟ್ಯಾಂಡ್‌ಬೈ ಬರುತ್ತದಲ್ಲ, ಅದರಲ್ಲೇ ಅದೂ ಆಯಿತು ಅಂದುಕೊಂಡೆ. ಫೋನಿಗೆ ದುಡ್ಡು ಕೊಡಲು ಸುತರಾಂ ಒಪ್ಪಲಿಲ್ಲ. ಅದರ ಬದಲು ಒಂದು ನಿಯಮ ಬಂತು: ಡ್ಯೂಟಿ ಡಾಕ್ಟರ್ ಫೋನ್ ಮಾಡುವ ಮೊದಲು ಬಿಪಿ, ಶುಗರ್ ನೋಡಿರಬೇಕು, ಎದೆನೋವಾದರೆ ಇಸಿಜಿ ವಾಟ್ಸಾಪ್ ಮಾಡಿರಬೇಕು. ನಿಜ ಹೇಳಬೇಕೆಂದರೆ ದುಡ್ಡಿಗಿಂತ ಇದರಿಂದ ಆದ ಲಾಭವೇ ಜಾಸ್ತಿ. ಅಕ್ಟೋಬರ್‌ನಲ್ಲಿ ಫೋನ್ 23ಕ್ಕೆ ಇಳಿಯಿತು.

ಹಿರಿಯ ಡಾಕ್ಟರೂ ಸಹಿ ಹಾಕಿದರು. ಏನೂ ಮಾತಾಡಲಿಲ್ಲ. ಮೂಳೆ ಡಾಕ್ಟ್ರೇ, ನೀವು ಗೆದ್ದಿರಿ.

ಮೊದಲ ತಿಂಗಳ ಸ್ಟೇಟ್‌ಮೆಂಟ್ ನಿನ್ನೆ ಬಂತು. ಅಕ್ಟೋಬರ್ 1ಕ್ಕೆ ಶುರುವಾಗಿ 31ಕ್ಕೆ ಮುಗಿದು ನನ್ನ ಪಾಲಿಗೆ 11 ರಾತ್ರಿ. 16,500 ಬರಬೇಕು. ಬಂದದ್ದು 15,000. ಕೇಳಿದರೆ, 31ರ ರಾತ್ರಿ ಮುಗಿದದ್ದು ನವೆಂಬರ್ 1ರ ಬೆಳಿಗ್ಗೆ, ಹಾಗಾಗಿ ಅದು ಮುಂದಿನ ತಿಂಗಳಿಗೆ ಹೋಗುತ್ತದಂತೆ. ಆಗಲಿ ಬಿಡಿ. ನೋಟ್‌ಬುಕ್‌ನಲ್ಲಿ ನವೆಂಬರ್ ಪುಟದ ಮೇಲೆ '31ರದ್ದು ಬಾಕಿ' ಅಂತ ಕೆಂಪು ಪೆನ್ನಿನಲ್ಲಿ ಬರೆದಿಟ್ಟಿದ್ದೇನೆ.